ಗಣಕದ ಕಡತಗಳಲ್ಲಿ ಪೂರ್ವಪಾಠಗಳ ರಕ್ಷಣೆ

ಹಸ್ತಪ್ರತಿಗಳನ್ನು ಪರಿಶೋಧಿಸುವವರು ಪಾಠಾಂತರಗಳ ಬೆಲೆಯನ್ನು ಬಲ್ಲರು. ಲೇಖಕನು ಹೊಡೆದುಹಾಕಿದ ಒಂದು ಪದವೂ ಆತನ ಚಿಂತನಕ್ರಮಕ್ಕೆ ಸಾಕ್ಷಿಯಾಗಬಲ್ಲುದು. ಗಣಕಯಂತ್ರದ ಕಡತದಲ್ಲಿಯಾದರೋ ಹೊಸ ಪಾಠವನ್ನು ಉಳಿಸಿದೊಡನೆ ಹಳೆಯದು ಸಾಮಾನ್ಯವಾಗಿ ಕಣ್ಮರೆಯಾಗುತ್ತದೆ. ಶಾಸನವೊಂದರ ಮೊದಲ ವಾಚನವನ್ನು ಪ್ರಸ್ತುತ ಲೇಖಕನು ಹೀಗೆಯೇ ಕಳೆದುಕೊಂಡನು; ತಿದ್ದಿದ ವಾಚನಕ್ಕಿಂತ ಅದೇ ಸರಿಯಾಗಿತ್ತೆಂಬುದು ಅನಂತರ ತಿಳಿಯಿತು.

ಈ ನಷ್ಟವನ್ನು ತಡೆಯುವ ಮಾರ್ಗಗಳು ಮುಖ್ಯವಾಗಿ ಎರಡು. ಮೊದಲನೆಯದು, ಪ್ರತಿಯೊಂದು ಕಡತಕ್ಕೂ ಆವೃತ್ತಿಸಂಖ್ಯೆಯನ್ನು ಕೊಡುವುದು. ಡಿಜಿಟಲ್ ಇಕ್ವಿಪ್‌ಮೆಂಟ್ ಸಂಸ್ಥೆಯು 1977ರಲ್ಲಿ ಪರಿಚಯಿಸಿದ ವಿಎಂಎಸ್ ವ್ಯವಸ್ಥೆಯಲ್ಲಿ ಕಡತದ ಹೆಸರಿನ ಮುಂದೆ ಅರ್ಧವಿರಾಮ ಚಿಹ್ನೆಯೂ ಅದರ ನಂತರ 1, 2, 3 ಎಂಬ ಸಂಖ್ಯೆಯೂ ಬರುತ್ತಿದ್ದವು. ತಿದ್ದಿ ಉಳಿಸಿದಾಗಲೆಲ್ಲ ಹೊಸ ಸಂಖ್ಯೆ ಹುಟ್ಟುತ್ತಿತ್ತು. ಹಳೆಯ ಆವೃತ್ತಿಗಳನ್ನು ತೆಗೆದುಹಾಕಲು 'ಪರ್ಜ್' ಎಂಬ ಆಜ್ಞೆಯಿತ್ತು. ಪ್ರತಿ ಆವೃತ್ತಿಯೂ ಪೂರ್ಣ ಪ್ರತಿಯೇ ಆದುದರಿಂದ ಸ್ಥಳದ ವೆಚ್ಚ ಹೆಚ್ಚು.

ಎರಡನೆಯದು 'ಸ್ನ್ಯಾಪ್‌ಶಾಟ್', ಎಂದರೆ ಇಡೀ ಕಡತವ್ಯವಸ್ಥೆಯ ಒಂದು ಕ್ಷಣದ ಸ್ಥಿತಿ. ಇದರ ತತ್ತ್ವವನ್ನು ಹೀಗೆ ವಿವರಿಸಬಹುದು. ಮಾಹಿತಿಯು ಸಣ್ಣ ಸಣ್ಣ ಖಂಡಗಳಲ್ಲಿರುತ್ತದೆ. ಅವುಗಳ ವಿಳಾಸಗಳು ವೃಕ್ಷಾಕಾರದಲ್ಲಿ ಕೂಡಿ ಒಂದು ಬೇರನ್ನು ಸೇರುತ್ತವೆ. ಖಂಡವೊಂದು ಬದಲಾದರೆ ಅದನ್ನು ಇದ್ದಲ್ಲಿಯೇ ಅಳಿಸದೆ ಬೇರೊಂದೆಡೆ ಬರೆದು, ಬೇರಿನವರೆಗಿನ ವಿಳಾಸಗಳನ್ನೂ ಹೊಸದಾಗಿ ಬರೆಯಲಾಗುತ್ತದೆ. ಹಳೆಯ ಬೇರನ್ನು ಬಿಡದೆ ಹಿಡಿದಿಟ್ಟುಕೊಂಡರೆ ಅದೇ ಸ್ನ್ಯಾಪ್‌ಶಾಟ್. ಸಾವಿರ ಖಂಡಗಳ ಕಡತದಲ್ಲಿ ಮೂರು ಬದಲಾದರೆ ಆ ಮೂರಕ್ಕೂ ಅವುಗಳ ವಿಳಾಸಗಳಿಗೂ ಮಾತ್ರ ಹೊಸ ಸ್ಥಳ ಬೇಕು. ಉಳಿದ 997 ಖಂಡಗಳು ಎರಡು ಪಾಠಗಳಿಗೂ ಸಮಾನ. ಆದುದರಿಂದಲೇ ಇದು ಕ್ಷಣಮಾತ್ರದಲ್ಲಿ ಸಿದ್ಧವಾಗುತ್ತದೆ. ನೆಟ್‌ಆ್ಯಪ್ ಸಂಸ್ಥೆಯವರು 1994ರ ಪ್ರಬಂಧವೊಂದರಲ್ಲಿ ನಿರೂಪಿಸಿದ ಈ ಬಗೆಯ ವಿಧಾನವನ್ನು ಸನ್ ಸಂಸ್ಥೆಯು 2005ರಲ್ಲಿ ಹೊರತಂದ ಜೆಡ್‌ಎಫ್‌ಎಸ್, 2009ರಲ್ಲಿ ಲಿನಕ್ಸ್ ಸೇರಿದ ಬಿಟಿಆರ್‌ಎಫ್‌ಎಸ್ ಮೊದಲಾದವುಗಳಲ್ಲಿಯೂ ಕಾಣಬಹುದು.

ಎರಡಕ್ಕೂ ಮಿತಿಗಳುಂಟು. ಗಂಟೆಗೊಮ್ಮೆ ಸ್ನ್ಯಾಪ್‌ಶಾಟ್ ತೆಗೆದರೆ, ಆ ಗಂಟೆಯ ನಡುವೆ ಹುಟ್ಟಿ ಅಳಿದ ಪಾಠವು ಅದರಲ್ಲಿ ಸಿಕ್ಕದು. ಆವೃತ್ತಿಸಂಖ್ಯೆಯ ಕ್ರಮದಲ್ಲಿ ಅದು ಸಿಕ್ಕೀತು. ಇದಕ್ಕಿಂತಲೂ ಮುಖ್ಯವಾದುದೆಂದರೆ, ಎರಡೂ ಮೂಲವಿರುವ ತಟ್ಟೆಯಲ್ಲಿಯೇ ನೆಲೆಸಿರುತ್ತವೆ. ತಟ್ಟೆ ಕೆಟ್ಟರೆ ಎಲ್ಲ ಪಾಠಗಳೂ ಒಟ್ಟಿಗೆ ನಾಶವಾಗುತ್ತವೆ. ತಿದ್ದುಪಡಿಯ ಕಾರಣವನ್ನಂತೂ ಯಾವ ಯಂತ್ರವೂ ತಾನಾಗಿ ದಾಖಲಿಸದು.

ಒಂದೇ ಭಂಡಾರದಲ್ಲಿದ್ದ ಓಲೆಯ ಪ್ರತಿ ಗೆದ್ದಲಿಗೆ ತುತ್ತಾದರೂ, ದೂರದ ಊರಿನಲ್ಲಿದ್ದ ಪ್ರತಿಯಿಂದ ಗ್ರಂಥವು ಉಳಿಯಬಲ್ಲುದು. ಸಂಶೋಧಕರು ಸ್ನ್ಯಾಪ್‌ಶಾಟನ್ನು ನೆಚ್ಚಿಕೊಂಡರೂ, ಬೇರೊಂದೆಡೆ ಒಂದು ಪ್ರತಿಯನ್ನೂ ಬದಲಾವಣೆಯ ಕಾರಣವನ್ನು ತಿಳಿಸುವ ಒಂದು ಸಾಲನ್ನೂ ಇಡುವುದು ಉಚಿತ.