ಮುದ್ದೆಗೆ ಎಷ್ಟು ಯೂನಿಟ್?

ಚಿಕ್ಕಜಾಲದವರು ವಿಮಾನದ ಸದ್ದಿಗೆ ಎಚ್ಚರಗೊಳ್ಳುವುದಿಲ್ಲ. ಆ ರಾತ್ರಿ ನನ್ನನ್ನು ಎಬ್ಬಿಸಿದ್ದು ಬೆವರು. ಬನಿಯನ್ ಒದ್ದೆ, ಕೈ ನಡುಕ, ಗ್ಲುಕೋಮೀಟರಿನಲ್ಲಿ 46. ನೀರಿಗೆ ಸಕ್ಕರೆ ಕದಡಿ ಕುಡಿಸಿದ ಮಗಳು ನನ್ನ ಫೋನ್ ತೆಗೆದು ಲೆಕ್ಕ ನೋಡಿದಳು. ಲೆಕ್ಕ ಸರಿಯಾಗಿಯೇ ಇತ್ತು.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವನು ನಾನು. ಆದರೂ ಹಸಿದು ಕೂತಾಗ ಭಾಗಾಕಾರ ಯಾರಿಗೆ ಬೇಕು? ಅದಕ್ಕೇ ಮಗಳು ಇನ್ಸುಲಿನ್ ಡೋಸ್ ಹೇಳುವ ಆ್ಯಪ್ ಹಾಕಿಕೊಟ್ಟಿದ್ದಳು. ಒಳಗಿರುವುದು ಏಳನೇ ಕ್ಲಾಸಿನ ಲೆಕ್ಕ. ನನಗೆ ದಿನಕ್ಕೆ ಒಟ್ಟು 45 ಯೂನಿಟ್ ಬೇಕು. 1800ನ್ನು 45ರಿಂದ ಭಾಗಿಸಿದರೆ 40. ಅಂದರೆ ಒಂದು ಯೂನಿಟ್ಟಿಗೆ ಶುಗರ್ ಸುಮಾರು 40 ಇಳಿಯುತ್ತದೆ. 500ನ್ನು ಭಾಗಿಸಿದರೆ 11. ಒಂದು ಯೂನಿಟ್ 11 ಗ್ರಾಂ ಪಿಷ್ಟಕ್ಕೆ ಸಾಕು. ವೈದ್ಯರು ಶುರುವಿಗೆ ಹಿಡಿಯುವ ಅಂದಾಜು ಇದು, ಆಮೇಲೆ ಅವರವರ ಮೈಗೆ ತಕ್ಕಂತೆ ತಿದ್ದುತ್ತಾರೆ. ಹಿಂದಿನ ಡೋಸ್ ಇನ್ನೂ ಮೈಯಲ್ಲಿ ಕೆಲಸ ಮಾಡುತ್ತಿದ್ದರೆ ಆ್ಯಪ್ ಅದನ್ನೂ ಕಳೆಯುತ್ತದೆ. ನಾನು ಮರೆಯುತ್ತಿದ್ದದ್ದು ಅದನ್ನೇ.

ತೊಡಕಿರುವುದು ಮುದ್ದೆಯಲ್ಲಿ. ಆ್ಯಪಿನ ಪಟ್ಟಿಯಲ್ಲಿ ‘ರಾಗಿ ಮುದ್ದೆ, ಒಂದು’ ಎಂದಿದೆ. ಯಾರ ಮನೆಯ ಮುದ್ದೆ? ಕೊನೆಗೆ ನಮ್ಮಾಕೆ ಹಿಟ್ಟನ್ನೇ ತೂಗಿದಳು: ನನ್ನ ಮುದ್ದೆಗೆ 100 ಗ್ರಾಂ, ಅದರಲ್ಲಿ ಪಿಷ್ಟ ಸುಮಾರು 66 ಗ್ರಾಂ. ಅದಕ್ಕೆ 6 ಯೂನಿಟ್. ಆ ರಾತ್ರಿ ಶುಗರ್ 200 ಇತ್ತು, 120ಕ್ಕೆ ಇಳಿಸಲು ಇನ್ನೆರಡು. ಒಟ್ಟು 8. ಬೀಗರ ಮನೆಗೆ ಹೋದರೆ ಈ ಲೆಕ್ಕವೆಲ್ಲ ತಲೆಕೆಳಗು, ಆ ಮಾತು ಬೇರೆ.

ಎಡವಿದ್ದು ಸಿರಿಂಜಿನಲ್ಲಿ. ನಮ್ಮಲ್ಲಿ ಬಾಟಲಿಯ ಇನ್ಸುಲಿನ್ ಎರಡು ಬಲದಲ್ಲಿ ಸಿಗುತ್ತದೆ. ಒಂದು ಮಿಲಿಲೀಟರಿಗೆ 40 ಯೂನಿಟ್ಟಿನ ಬಾಟಲಿಗೆ ಕೆಂಪು ಮುಚ್ಚಳದ ಸಿರಿಂಜ್, 100ರದಕ್ಕೆ ಕಿತ್ತಳೆ ಮುಚ್ಚಳದ್ದು. ವೈದ್ಯರು ಆ ವಾರವಷ್ಟೇ ನನ್ನನ್ನು 100ಕ್ಕೆ ಬದಲಿಸಿದ್ದರು. ನಾನು ಉಳಿದಿದ್ದ ಕೆಂಪು ಸಿರಿಂಜಿನಲ್ಲೇ 8ರ ಗೆರೆವರೆಗೆ ಎಳೆದೆ. ಕೆಂಪು ಸಿರಿಂಜಿನ 8ನೇ ಗೆರೆ ಎಂದರೆ 0.2 ಮಿಲಿಲೀಟರ್. ಹೊಸ ಬಾಟಲಿಯಲ್ಲಿ ಅದು 20 ಯೂನಿಟ್! ಫೋನು 8 ಎಂದಿತು, ಮೈಗೆ 20 ಹೋಯಿತು. ಯಾವ ಸಾಫ್ಟ್‌ವೇರೂ ನನ್ನ ಕೈಯಲ್ಲಿದ್ದ ಮುಚ್ಚಳದ ಬಣ್ಣ ನೋಡಲಿಲ್ಲ. ರಾತ್ರಿಯೆಲ್ಲ ಯಲಹಂಕದ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದ್ದೆ.

ಇನ್ಸುಲಿನ್ ಪಂಪ್ ಆದರೆ ಸಿರಿಂಜಿನ ಗೊಡವೆಯಿಲ್ಲ. ಕೆಲವು ಪಂಪುಗಳಲ್ಲಿ ಚರ್ಮಕ್ಕೆ ಅಂಟಿಸಿದ ಸೆನ್ಸರ್ ಐದೈದು ನಿಮಿಷಕ್ಕೆ ಶುಗರ್ ತಿಳಿಸುತ್ತದೆ, ಸಾಫ್ಟ್‌ವೇರ್ ಇನ್ಸುಲಿನ್ನನ್ನು ಏರಿಳಿಸುತ್ತದೆ. ಇಂಥ ಮೊದಲ ಪಂಪಿಗೆ ಅಮೆರಿಕ ಒಪ್ಪಿಗೆ ಕೊಟ್ಟಿದ್ದು 2016ರಲ್ಲಿ. ಅದಕ್ಕೂ ಮೊದಲೇ ಡಾನಾ ಲೂಯಿಸ್ ಎಂಬ ಹೆಣ್ಣುಮಗಳು, ತಾನೇ ಡಯಾಬಿಟಿಸ್ ಇದ್ದವಳು, ತನ್ನ ಪಂಪಿಗೆ ಜೊತೆಯವರೊಡನೆ ಸಾಫ್ಟ್‌ವೇರ್ ಬರೆದು, 2015ರಲ್ಲಿ ಆ ವಿಧಾನವನ್ನು ಎಲ್ಲರಿಗೂ ಬಿಟ್ಟುಕೊಟ್ಟಳು. ಆದರೆ ಅಮೆರಿಕ ಒಪ್ಪಿದ ಆ ಪಂಪಿಗೂ ತಟ್ಟೆಯಲ್ಲಿ ಎಷ್ಟು ಪಿಷ್ಟ ಇದೆಯೆಂದು ಉಣ್ಣುವವನೇ ಹೇಳಬೇಕಿತ್ತು. ಬೆಲೆಯೋ, ನನ್ನ ಪಿಂಚಣಿಗೆ ಎಟುಕದ್ದು.

ಹಾಗಾಗಿ ಆ್ಯಪನ್ನೇ ಇಟ್ಟುಕೊಂಡಿದ್ದೇನೆ, ಕೆಂಪು ಸಿರಿಂಜುಗಳನ್ನು ಮನೆಯಿಂದ ಹೊರಹಾಕಿದ್ದೇನೆ. ಓದುಗರಲ್ಲಿ ಒಂದು ಕೋರಿಕೆ: ಮೇಲೆ ಬರೆದ 40, 11 ನನ್ನ ಮೈಯ ಅಂಕಿಗಳು, ನಿಮ್ಮ ಫೋನಿಗೆ ಹಾಕಿಕೊಳ್ಳಬೇಡಿ. ನಿಮ್ಮವನ್ನು ನಿಮ್ಮ ವೈದ್ಯರಿಂದ ಬರೆಸಿಕೊಳ್ಳಿ. ಬಾಟಲಿಯನ್ನೂ ಸಿರಿಂಜನ್ನೂ ಜೊತೆಗೆ ಒಯ್ದು ತೋರಿಸಿ.