ಶಾಲೆಯ ಬಾಗಿಲು ತೆರೆದಾಗ



2021ರ ಅಕ್ಟೋಬರ್ 25ರ ಬೆಳಿಗ್ಗೆ ನಮ್ಮ ಧರ್ಮಕೇಂದ್ರದ ಶಾಲೆಯ ಗೇಟಿಗೆ ಮಾವಿನ ತೋರಣ ಕಟ್ಟಿದ್ದೆವು. ಕೊರೊನಾದ ನಂತರ ನಮ್ಮ ರಾಜ್ಯದಲ್ಲಿ ಒಂದರಿಂದ ಐದನೇ ತರಗತಿಯ ಮಕ್ಕಳು ಶಾಲೆಗೆ ಮರಳಿದ ದಿನವದು. ಒಂಬತ್ತನೇ ತರಗತಿಯಿಂದ ಮೇಲಿನವರು ಆಗಸ್ಟ್ 23ರಂದೇ ಬಂದಿದ್ದರು. ಆರರಿಂದ ಎಂಟನೆಯವರು ಬಂದದ್ದು ಮಾತೆ ಮರಿಯಮ್ಮನವರ ಜನನದ ಹಬ್ಬಕ್ಕೆ ಎರಡು ದಿನ ಮುಂಚೆ. ಈ ಚಿಕ್ಕವರಿಗೆ ಮಾತ್ರ 2020ರ ಮಾರ್ಚ್‌ನಲ್ಲಿ ಮುಚ್ಚಿದ ಬಾಗಿಲು ತೆರೆಯಲು 19 ತಿಂಗಳು ಹಿಡಿಯಿತು.

ಸಿದ್ಧತೆಗೇನೂ ಕೊರತೆ ಇರಲಿಲ್ಲ. ನೀರಿನ ಟ್ಯಾಂಕ್ ತೊಳೆಸಿದೆವು, ಇಲಿ ಕಡಿದ ಚಾರ್ಟುಗಳನ್ನು ಎಸೆದೆವು, ಅಂಗಳದಲ್ಲಿ ಮಕ್ಕಳು ದೂರ ದೂರ ನಿಲ್ಲಲೆಂದು ಸುಣ್ಣದ ವೃತ್ತ ಬರೆಸಿದೆವು. ಶಿಕ್ಷಕರೆಲ್ಲರ ಎರಡು ಡೋಸ್ ಲಸಿಕೆ ಆಗಿತ್ತು. ಪೋಷಕರಿಂದ ಒಪ್ಪಿಗೆ ಪತ್ರ ತರಿಸಿದ್ದೆವು. ಇವೆಲ್ಲ ಬೇಕಾದವೇ. ಆದರೆ ಹಿಂತಿರುಗಿ ನೋಡಿದರೆ, ನಾವು ಕಟ್ಟಡವನ್ನು ಸಿದ್ಧಪಡಿಸಿದ್ದೆವೇ ಹೊರತು, ಬರಲಿರುವ ಮಗು ಎಂಥದ್ದೆಂದು ಯೋಚಿಸಿರಲಿಲ್ಲ.

ಲೆಕ್ಕ ಸರಳ. ಅಂದು ಮೂರನೇ ತರಗತಿಯಲ್ಲಿ ಬಂದು ಕುಳಿತ ಮಗು ಕೊನೆಯ ಬಾರಿ ಶಾಲೆ ಕಂಡದ್ದು ಒಂದನೇ ತರಗತಿಯಲ್ಲಿ. ಎರಡನೇ ತರಗತಿಯನ್ನು ಅದು ಕಂಡೇ ಇರಲಿಲ್ಲ. ಆದರೂ ನಾವು ಮೊದಲ ವಾರವೇ ಮೂರನೆಯ ಪುಸ್ತಕ ತೆರೆದೆವು. ಟೀಚರ್ ಹೇಳಿದ್ದನ್ನು ಮಕ್ಕಳು ರಾಗವಾಗಿ ಒಟ್ಟಿಗೆ ಹೇಳಿದರು. ಪರವಾಗಿಲ್ಲ, ಓದುತ್ತಿದ್ದಾರೆ ಅಂದುಕೊಂಡೆವು. ಹತ್ತಿರ ಹೋಗಿ ನೋಡಿದಾಗ ಬೆರಳು ಒಂದು ಸಾಲಿನಲ್ಲಿ, ಬಾಯಿ ಇನ್ನೊಂದು ಸಾಲಿನಲ್ಲಿ ಇತ್ತು.

ಇದು ನಮ್ಮ ಶಾಲೆಯೊಂದರ ಕಥೆಯಲ್ಲ. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ 2021ರ ಆರಂಭದಲ್ಲಿ ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ ಸರ್ಕಾರಿ ಶಾಲೆಗಳ 16,067 ಮಕ್ಕಳನ್ನು ಪರಿಶೀಲಿಸಿತ್ತು. ಶೇ. 92ರಷ್ಟು ಮಕ್ಕಳು ಭಾಷೆಯಲ್ಲಿ, ಶೇ. 82ರಷ್ಟು ಮಕ್ಕಳು ಗಣಿತದಲ್ಲಿ, ಹಿಂದಿನ ವರ್ಷ ಬರುತ್ತಿದ್ದ ಒಂದಾದರೂ ಕೌಶಲವನ್ನು ಕಳೆದುಕೊಂಡಿದ್ದರು. ಗಮನಿಸಿ, ಹೊಸದು ಕಲಿಯದಿರುವುದು ಬೇರೆ, ಕಲಿತದ್ದು ಅಳಿಸಿಹೋಗುವುದು ಬೇರೆ. ಉಳದೆ ಬಿಟ್ಟ ಗದ್ದೆ ಬರೀ ಖಾಲಿ ಉಳಿಯುವುದಿಲ್ಲ, ಕಳೆ ಬೆಳೆಯುತ್ತದೆ.

ಮನೆಯಲ್ಲಿ ಪಾಠ ಇರಲಿಲ್ಲವೇ? ಇತ್ತು. ಚಂದನ ವಾಹಿನಿಯಲ್ಲಿ 'ಸಂವೇದ' ಬರುತ್ತಿತ್ತು. 2020ರ ಆಗಸ್ಟ್‌ನಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರು 'ವಿದ್ಯಾಗಮ'ದಡಿ ಊರೂರಿಗೆ ಹೋಗಿ ಮರದ ಕೆಳಗೆ, ಜಗಲಿಯ ಮೇಲೆ ಕಲಿಸಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದು ನಿಂತಿತು. ನಮ್ಮಂಥ ಶಾಲೆಗಳು ಮೊಬೈಲ್ ನಂಬಿದವು. ಆದರೆ ಮನೆಗೊಂದು ಮೊಬೈಲ್, ಅದು ಅಪ್ಪನ ಜೊತೆ ಕೆಲಸಕ್ಕೆ ಹೋಗಿ ರಾತ್ರಿ ಎಂಟಕ್ಕೆ ಬರುವಂಥದ್ದು. ಬಂದ ಮೇಲೂ ಎಸ್ಸೆಸ್ಸೆಲ್ಸಿಯ ಅಕ್ಕನದೇ ಮೊದಲ ಸರದಿ. ಚಿಕ್ಕವನ ಪಾಲಿಗೆ ಉಳಿದದ್ದು ನಿದ್ದೆ.

ಎರಡನೇ ವಾರದ ಹೊತ್ತಿಗೆ ನಮಗೆ ಬುದ್ಧಿ ಬಂತು. ದಿನದ ಮೊದಲ ಒಂದು ಗಂಟೆ ತರಗತಿಯ ಗೋಡೆ ತೆಗೆದೆವು. ಮೂರು, ನಾಲ್ಕು, ಐದನೆಯವರನ್ನು ವಯಸ್ಸಿನಿಂದಲ್ಲ, ಬರುವ ಓದಿನಿಂದ ಗುಂಪು ಮಾಡಿದೆವು: ಅಕ್ಷರ ಗೊತ್ತಿರುವವರು, ಒತ್ತಕ್ಷರದಲ್ಲಿ ತಡವರಿಸುವವರು, ವಾಕ್ಯ ಓದುವವರು. ಕೂಡುವುದು, ಕಳೆಯುವುದು ಹುಣಸೆ ಬೀಜದಲ್ಲಿ. ಒಬ್ಬ ತಾಯಿ ಬೇಸರದಿಂದಲೇ ಬಂದರು. "ಫಾದರ್, ಐದನೇ ಕ್ಲಾಸಿನವನನ್ನು ಮೂರನೆಯವರ ಜೊತೆ ಕೂರಿಸಿದ್ದೀರಲ್ಲ?" ಅವರ ಮುಂದೆಯೇ ಮಗನಿಂದ ಒಂದು ಪುಟ ಓದಿಸಿದೆವು. ಆ ತಾಯಿ ಮತ್ತೇನೂ ಕೇಳಲಿಲ್ಲ. ಹುಡುಗನೆದುರು ಹಾಗೆ ಮಾಡಬಾರದಿತ್ತು ಎಂದು ಆಮೇಲೆ ನಮಗೇ ಅನಿಸಿತು. ಮರುವರ್ಷ, 2022-23ರಲ್ಲಿ, ಸರ್ಕಾರವೂ ಹಿಂದುಳಿದ ಕಲಿಕೆಯನ್ನು ಮೊದಲು ತುಂಬಿಸಲೆಂದೇ 'ಕಲಿಕಾ ಚೇತರಿಕೆ' ಜಾರಿಗೆ ತಂದಿತು.

ಬಂದವರ ಮಾತಾಯಿತು. ಬಾರದವರು? ಕಳೆದುಹೋದ ಕುರಿಯ ಸಾಮತಿಯನ್ನು ಪ್ರಬೋಧನೆಯಲ್ಲಿ ಎಷ್ಟು ಸಲ ವಿವರಿಸಿದ್ದೇವೆ! ಆದರೂ ಹಾಜರಿ ಪುಸ್ತಕದಲ್ಲಿ ಖಾಲಿ ಉಳಿದ ಏಳು ಹೆಸರುಗಳನ್ನು ನಾವು ಗಂಭೀರವಾಗಿ ನೋಡಿದ್ದು ನವೆಂಬರ್‌ನಲ್ಲಿ. ಸಿಸ್ಟರ್ ಮತ್ತು ಇಬ್ಬರು ಶಿಕ್ಷಕಿಯರು ಮನೆಮನೆಗೆ ಹೋದರು. ಮೂವರು ಬೇರೆ ಶಾಲೆ ಸೇರಿದ್ದರು. ಒಬ್ಬಳು ಅಜ್ಜಿಯ ಊರಲ್ಲಿದ್ದಳು. ಉಳಿದ ಮೂರು ಮನೆಗಳಲ್ಲಿ ಸಿಕ್ಕಿದ್ದು ನಮ್ಮದೇ ಚೀಟಿ. ಒಪ್ಪಿಗೆ ಪತ್ರದ ಜೊತೆಗೇ ಎರಡು ವರ್ಷದ ಬಾಕಿ ಫೀಸಿನ ಲೆಕ್ಕವನ್ನೂ ಕಳುಹಿಸಿದ್ದೆವು. ಕೆಲಸ ಕಳೆದುಕೊಂಡ ಅಪ್ಪಂದಿರು ಆ ಕಾಗದ ನೋಡಿ ಮಕ್ಕಳನ್ನು ಮನೆಯಲ್ಲೇ ಉಳಿಸಿಕೊಂಡಿದ್ದರು. ಶಿಕ್ಷಕರ ಸಂಬಳ ಆ ಫೀಸಿನಿಂದಲೇ ಬರಬೇಕು, ನಿಜ. ಆದರೂ ತೋರಣ ಕಟ್ಟಿದ ಕೈಯೇ ಆ ಚೀಟಿಯನ್ನೂ ಕಳುಹಿಸಿತ್ತು. ಪಾಲನಾ ಮಂಡಳಿಯಲ್ಲಿ ಕುಳಿತು ಆ ಬಾಕಿಯನ್ನು ಬಿಟ್ಟೆವು. ಇಬ್ಬರು ಮರಳಿದರು. ಮೂರನೆಯವನು ಆಗಲೇ ಮಾವನ ಪಂಕ್ಚರ್ ಅಂಗಡಿಯಲ್ಲಿದ್ದ. ಎಷ್ಟು ಕರೆದರೂ ಬರಲಿಲ್ಲ.

ಅಂದಿನ ಮೂರನೇ ತರಗತಿಯವರು ಈಗ ಹೈಸ್ಕೂಲಿನ ಹೊಸ್ತಿಲಲ್ಲಿದ್ದಾರೆ. ಕೊರೊನಾದ ಮಾತು ಮುಗಿಯಿತೆಂದು ನಾವೆಲ್ಲ ಮರೆತಿದ್ದೇವೆ, ಆದರೆ ಗಟ್ಟಿಯಾಗಿ ಓದು ಎಂದರೆ ಕೆಮ್ಮು ಬರಿಸಿಕೊಳ್ಳುವ ಮಕ್ಕಳು ಇನ್ನೂ ಇದ್ದಾರೆ. ತಂದೆತಾಯಂದಿರೇ, ರಾತ್ರಿ ಜಪಸರ ಮುಗಿದ ಮೇಲೆ ಐದು ನಿಮಿಷ ಏನನ್ನಾದರೂ ಓದಿಸಿ ಕೇಳಿ, ಎಡವಿದರೆ ಗದರಬೇಡಿ. ಗುರುನಿವಾಸದ ಜಗಲಿಯಲ್ಲಿ ಶನಿವಾರ ಸಂಜೆಯ ಓದು ಇಂದಿಗೂ ನಡೆಯುತ್ತದೆ. ಅಲ್ಲಿಗೆ ಬರುವವರೆಲ್ಲ ಪುಟಾಣಿಗಳು, ಎತ್ತರದ ಹುಡುಗನೊಬ್ಬನನ್ನು ಬಿಟ್ಟು. ಚಿಕ್ಕವರಿಗೆ ಹೇಳಿಕೊಡಲು ಬರುತ್ತೇನೆ ಎನ್ನುತ್ತಾನೆ. ನಾವೂ ಅವನನ್ನು ಮೇಷ್ಟ್ರೇ ಎಂದೇ ಕರೆಯುತ್ತೇವೆ.