ವಿಮಾನನಿಲ್ದಾಣದ ಹೊಸ್ತಿಲು

ದೇಶವೊಂದು ಪರದೇಶದವರ ಮುಂದೆ ತಾನು ಯಾರೆಂದು ಹೇಳಿಕೊಳ್ಳುವ ಬಗೆಯನ್ನು ಅದರ ವಿಮಾನನಿಲ್ದಾಣದಲ್ಲಿ ನೋಡಬೇಕು. ಕೆನಡಾದ ವ್ಯಾಂಕೂವರ್ ನಿಲ್ದಾಣವನ್ನೇ ನಾವು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಹೈಡಾ ಮೂಲದ ಶಿಲ್ಪಿ ಬಿಲ್ ರೀಡ್ ಅವರ ಕಂಚಿನ ದೋಣಿಯೊಂದು 1996ರಿಂದ ಅಲ್ಲಿದೆ. ಕರಡಿ, ತೋಳ, ಹದ್ದು, ಕಪ್ಪೆ, ಮನುಷ್ಯ ಎಲ್ಲರೂ ಒಂದೇ ದೋಣಿಯಲ್ಲಿ. ತೋಳವು ಹದ್ದಿನ ರೆಕ್ಕೆಯನ್ನು ಕಚ್ಚಿದೆ, ಆದರೂ ದೋಣಿ ಸಾಗುತ್ತಿದೆ. ಬಹುಸಂಸ್ಕೃತಿಗೆಂದೇ 1988ರಲ್ಲಿ ಶಾಸನ ಮಾಡಿದ ದೇಶಕ್ಕೆ ಇದಕ್ಕಿಂತ ಒಪ್ಪುವ ಲಾಂಛನ ಬೇರೆ ಯಾವುದಿದ್ದೀತು!

ಆದರೆ ಇದೇ ದೇಶದ ಸರಕಾರ ಆ ಕರಾವಳಿಯ ಮೂಲನಿವಾಸಿಗಳ ಪಾಟ್‌ಲ್ಯಾಚ್ ಎಂಬ ದಾನೋತ್ಸವವನ್ನು 1885ರಿಂದ 1951ರವರೆಗೆ ನಿಷೇಧಿಸಿತ್ತೆಂಬುದನ್ನು ದೋಣಿ ಹೇಳುವುದಿಲ್ಲ. ಇನ್ನೊಂದು ವಿಷಯ: ಹೈಡಾ ಜನರ ದ್ವೀಪಗಳಿರುವುದು ಬಹುದೂರ ಉತ್ತರದಲ್ಲಿ. ನಿಲ್ದಾಣವಿರುವ ನೆಲ ಪರಂಪರೆಯಿಂದ ಮಸ್ಕ್ವೀಯಂ ಜನರದು. ಬಂದಿಳಿದವರನ್ನು ಎದುರುಗೊಳ್ಳುವುದು ಆ ಜನಾಂಗದ ಸೂಸನ್ ಪಾಯಿಂಟ್ ಅವರು ಕೆತ್ತಿದ ಮರದ ಸ್ವಾಗತಮೂರ್ತಿಗಳು. ಫಲಕದಲ್ಲಿ ಯಾರ ಭಾಷೆ ಮೊದಲೆಂದು ನೋಡಿ ಅಭ್ಯಾಸವಾದ ಗಡಿನಾಡಿನ ನಮಗೆ ಈ ಭೇದ ಸಣ್ಣದಲ್ಲ. ಮೂರ್ತಿಗಳಿಗಿಂತಲೂ ನಾವು ಗಣಿಸತಕ್ಕದ್ದು 2017ರ ಒಪ್ಪಂದ. ಅದರಂತೆ ನಿಲ್ದಾಣದ ಆದಾಯದಲ್ಲಿ ಶೇಕಡ 1ರಷ್ಟು ಪ್ರತಿವರ್ಷವೂ ಮಸ್ಕ್ವೀಯಂ ಜನರಿಗೆ ಸಲ್ಲಬೇಕು; ಅವಧಿ 30 ವರ್ಷ.